ಬೆಳೆಗಾರರ ಗ್ರೂಪಿನಲ್ಲಿ ಯಾರಿಗೆ ಯಾವ ಗುರುತು ಹಾಕಬೇಕು? ಅಡ್ಮಿನ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ

ಮೂಡಿಗೆರೆ_ಕಣ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆಯ ಕಾಫಿ, ಮೆಣಸು ಬೆಳೆಗಾರರ ವಾಟ್ಸ್ಯಾಪ್ ಗ್ರೂಪೊಂದನ್ನು ಮೂರು ಜನ ಅಡ್ಮಿನ್‌ಗಳು ನೋಡಿಕೊಳ್ಳುತ್ತಿದ್ದೇವೆ. ಒಂದು ಗ್ರೂಪಿಗೆ 1024 ಜನರ ಮಿತಿ ಇರುವುದರಿಂದ ಈಗ ಟೆಲಿಗ್ರಾಂನಲ್ಲೂ ಒಂದು ತೆರೆದಿದ್ದೇವೆ. ಅರೇಬಿಕಾ ಕೊಯ್ಲು ಶುರುವಾಯಿತು ಅಂದರೆ ಗುರುತು ಪರಿಚಯ ಇಲ್ಲದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಕಾಫಿ ಕೊಳ್ಳುತ್ತೇವೆ ಅನ್ನುವವರು, ಆಳು ಕಳಿಸುತ್ತೇವೆ ಅನ್ನುವ ಮೇಸ್ತ್ರಿಗಳು, ಹಳೇ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ವೀಡ್ ಕಟರ್ ಮಾರುವವರು. ಹೆಚ್ಚಿನವರು ಪ್ರಾಮಾಣಿಕರೇ. ಉಳಿದವರನ್ನು ಬೇರ್ಪಡಿಸುವುದು ಹೇಗೆ ಅನ್ನುವುದೇ ತಲೆನೋವು.

ನನಗೆ ಬೇಕಾದದ್ದು ಮೂರು. ಮೋಸಗಾರರನ್ನು ಮೊದಲೇ ಗುರುತಿಸಲು ಏನೇನು ನೋಡಬೇಕು? ಅನುಮಾನ ಬಂದ ಸದಸ್ಯರ ಮೇಲೆ ಗುರುತು ಹಾಕುವಾಗ ಯಾವ ಕ್ರಮ ಸರಿ? ಗ್ರೂಪಲ್ಲೇ ಕಪ್ಪುಪಟ್ಟಿ ಹಾಕಿಬಿಡಿ ಅಂತ ಕೆಲವರು ಒತ್ತಾಯ ಮಾಡುತ್ತಿದ್ದಾರೆ, ನನಗೆ ಅದು ಸರಿ ಕಾಣುತ್ತಿಲ್ಲ. ಮೂರನೆಯದು, ಬೋರ್ಡೋ ಮಿಶ್ರಣ (ಮೈಲುತುತ್ತ, ಸುಣ್ಣ ಬೆರೆಸಿದ ರೋಗನಾಶಕ), ಕಾಂಡಕೊರಕ, ಮಣ್ಣಿನ ಸುಣ್ಣ ಇಂಥದ್ದಕ್ಕೆ ವರ್ಷವಿಡೀ ಸರಿಯಾದ ಉತ್ತರ ಕೊಡುವ ನಾಲ್ಕೈದು ಜನ ಇದ್ದಾರೆ. ಹೊಸಬರಿಗೆ ಅವರ ಮಾತಿಗೂ ನಿನ್ನೆ ಬಂದವರ ಮಾತಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅವರಿಗೆ ಏನಾದರೂ ಗುರುತು ಕೊಡಬಹುದೇ?

ಓಟಿ_26:

ಸರ್, ಮೊದಲನೇ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೆಸರು, ಫೋಟೊ ಎರಡನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ವಾಟ್ಸ್ಯಾಪ್‌ನಲ್ಲಿ ನೀವು ಸೇವ್ ಮಾಡದ ನಂಬರಿನ ಪಕ್ಕ ~ ಚಿಹ್ನೆ ಹಾಕಿ ತೋರಿಸುವ ಹೆಸರು ಆ ಮನುಷ್ಯ ತಾನೇ ಇಟ್ಟುಕೊಂಡದ್ದು. ಅಲ್ಲಿ ಯಾವ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣೆ ಕಾರ್ಖಾನೆ) ಹೆಸರನ್ನಾದರೂ ಬರೆದುಕೊಳ್ಳಬಹುದು. ಟೆಲಿಗ್ರಾಂನಲ್ಲಿ ಇದು ಇನ್ನೂ ಸಲೀಸು: ಅಡ್ಮಿನ್‌ನ ಫೋಟೊ, ಹೆಸರು ಎರಡನ್ನೂ ಹಾಗೇ ನಕಲು ಮಾಡಿ ಸದಸ್ಯರಿಗೆ ಖಾಸಗಿ ಸಂದೇಶ ಕಳಿಸುತ್ತಾರೆ. ವ್ಯತ್ಯಾಸ ಇರುವುದು ಯೂಸರ್‌ನೇಮಿನಲ್ಲಿ ಮಾತ್ರ, ಅದೂ ಒಂದೇ ಅಕ್ಷರ ಅಥವಾ ಒಂದು ಅಡ್ಡಗೆರೆ. ಹಾಗಾಗಿ ಮೂವರೂ ಅಡ್ಮಿನ್‌ಗಳ ಯೂಸರ್‌ನೇಮುಗಳನ್ನು ಒಂದು ಸಂದೇಶದಲ್ಲಿ ಬರೆದು ಪಿನ್ ಮಾಡಿಡಿ, ಕೆಳಗೆ ಒಂದು ಸಾಲು ಸೇರಿಸಿ: ‘ಅಡ್ಮಿನ್‌ಗಳು ಯಾರಿಗೂ ತಾವಾಗಿ ಖಾಸಗಿಯಲ್ಲಿ ದುಡ್ಡಿನ ವಿಷಯ ಮಾತಾಡುವುದಿಲ್ಲ.’

ನಂಬರಿನ ದೇಶದ ಕೋಡ್ ನೋಡಿ. ನಮ್ಮ ಕಡೆಯ ಕೊಳ್ಳುವವರಿಗೆ +91 ಬಿಟ್ಟು ಬೇರೆ ಕೋಡ್ ಬೇಕಾಗುವುದು ಅಪರೂಪ. 2023ರ ಮೇ ತಿಂಗಳಲ್ಲಿ +84, +62, +254 ಮುಂತಾದ ಕೋಡ್‌ಗಳಿಂದ ದೇಶದ ತುಂಬ ವಾಟ್ಸ್ಯಾಪ್ ಮಿಸ್ಡ್ ಕಾಲ್ ಬಂದದ್ದು ಹಲವರಿಗೆ ನೆನಪಿರಬಹುದು. ಆದರೆ +91 ಇದೆ ಅಂದ ಮಾತ್ರಕ್ಕೆ ನಂಬುವ ಹಾಗೂ ಇಲ್ಲ. ಹೊರದೇಶದ ಕೋಡ್ ಇದ್ದ ಮಾತ್ರಕ್ಕೆ ಮೋಸಗಾರ ಅನ್ನುವಂತೆಯೂ ಇಲ್ಲ. ತೋಟದವರ ಮಕ್ಕಳು ದುಬೈ, ಅಮೆರಿಕದಿಂದ ಗ್ರೂಪ್ ನೋಡುತ್ತಿರುತ್ತಾರೆ. ಅವರಿಗೆ ಫೋನ್ ಮಾಡಿ ಕೇಳಿದರೆ ಮುಗಿಯಿತು.

ನಿಜವಾದ ಗುರುತು ಸಿಗುವುದು ಮಾತಿನಲ್ಲಿ. ಕಾಫಿ ಕೊಳ್ಳುವವರು ಮೊದಲು ಕೇಳುವುದು ಓಟಿ (ಔಟ್‌ಟರ್ನ್, ಅಂದರೆ ಚೀಲದಿಂದ ಸಿಗುವ ಶುದ್ಧ ಬೀಜ) ಎಷ್ಟು, ತೇವ ಎಷ್ಟು, ಚೆರಿಯೋ (ಹಣ್ಣನ್ನು ಹಾಗೇ ಒಣಗಿಸಿದ್ದು) ಪಾರ್ಚ್‌ಮೆಂಟೋ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು) ಅಂತ. ರೋಬಸ್ಟಾ ಚೆರಿಯ 50 ಕೆ.ಜಿ. ಚೀಲಕ್ಕೆ ಓಟಿ 26 ಅಂದರೆ ಆ ಚೀಲದಿಂದ 26 ಕೆ.ಜಿ. ಶುದ್ಧ ಬೀಜ ಬರುತ್ತದೆ. ಓಟಿ ಒಂದು ಏರಿದರೂ ಇಳಿದರೂ ಚೀಲದ ದರ ಬದಲಾಗುತ್ತದೆ. ತೇವದ ಲೆಕ್ಕವೂ ಹಾಗೇ: ಪಾರ್ಚ್‌ಮೆಂಟಿಗೆ ಶೇ 10, ಅರೇಬಿಕಾ ಚೆರಿಗೆ ಶೇ 10.5, ರೋಬಸ್ಟಾ ಚೆರಿಗೆ ಶೇ 11. ಇದ್ಯಾವುದನ್ನೂ ಕೇಳದೆ, ಸ್ಯಾಂಪಲ್ ಕೂಡ ನೋಡದೆ, ಮಾರುಕಟ್ಟೆಗಿಂತ ಎತ್ತರದ ದರ ಹೇಳಿ ‘ಎಷ್ಟು ಚೀಲ ಇದೆಯೋ ಎಲ್ಲಾ ಬೇಕು’ ಅನ್ನುವವರನ್ನು ತಡೆದು ಪ್ರಶ್ನೆ ಮಾಡಿ. ಆಮೇಲೆ ಲಾರಿ ವಿಮೆ, ಗೋದಾಮಿನ ಠೇವಣಿ ಅಂತ ಮಾರುವವರಿಂದಲೇ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಕೇಳುವ ಸಂದರ್ಭವೇ ಇಲ್ಲ. ಅದೇ ರೀತಿ ಯುಪಿಐನಲ್ಲಿ ದುಡ್ಡು ಬರಲು ಪಿನ್ ಒತ್ತುವ ಅಗತ್ಯ ಇಲ್ಲ. ಕ್ಯೂಆರ್ ಕಳಿಸಿ ಪಿನ್ ಒತ್ತಿ ಅನ್ನುವವರು ನಿಮ್ಮ ಖಾತೆಯಿಂದ ದುಡ್ಡು ತೆಗೆಯುತ್ತಿದ್ದಾರೆ ಅಂತಲೇ ಅರ್ಥ.

ವ್ಯಾಪಾರಿ ಅಂದರೆ ಜಿಎಸ್‌ಟಿ ನಂಬರ್ ಕೇಳಿ. 15 ಅಕ್ಷರ, ಅಂಕಿ ಇರುತ್ತವೆ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಪ್ಯಾನಿನ ನಾಲ್ಕನೇ ಅಕ್ಷರ ವ್ಯಕ್ತಿಗೆ ‘ಪಿ’, ಪಾಲುದಾರಿಕೆ ಸಂಸ್ಥೆಗೆ ‘ಎಫ್’, ಕಂಪನಿಗೆ ‘ಸಿ’. ‘ನಮ್ಮದು ಕಂಪನಿ’ ಅನ್ನುವವರ ನಂಬರಿನಲ್ಲಿ ಅಲ್ಲಿ ‘ಪಿ’ ಇದ್ದರೆ ವಿವರಣೆ ಕೇಳಿ. ಜಿಎಸ್‌ಟಿ ಪೋರ್ಟಲಿನಲ್ಲಿ ತೆರಿಗೆದಾರರ ಹುಡುಕಾಟಕ್ಕೆ ಲಾಗಿನ್ ಬೇಕಿಲ್ಲ, ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎರಡೂ ಕಾಣುತ್ತವೆ. ಇಲ್ಲೊಂದು ಎಚ್ಚರಿಕೆ: ಯಾರದೋ ಬಿಲ್ ಮೇಲಿನ ಜಿಎಸ್‌ಟಿ ನಂಬರನ್ನು ಇನ್ಯಾರೋ ಕಳಿಸಬಹುದು. ಆದ್ದರಿಂದ ಆ ಸಂಸ್ಥೆಯ ಬೋರ್ಡ್ ಅಥವಾ ಬಿಲ್ ಮೇಲಿರುವ ನಂಬರಿಗೆ ನೀವೇ ಫೋನ್ ಹಚ್ಚಿ ‘ಈ ವ್ಯಕ್ತಿ ನಿಮ್ಮವರೇ?’ ಅಂತ ಕೇಳಬೇಕು. ಅವರು ಕೊಟ್ಟ ನಂಬರಿಗೇ ಮಾಡಿದರೆ ಪರೀಕ್ಷೆ ಮಾಡಿದಂತಾಗಲಿಲ್ಲ.

ಪಹಣಿಯ ವಿಷಯವೂ ಇದೇ. ‘ತೋಟ ಇದೆ, ಪಹಣಿ ನೋಡಿ’ ಅಂತ ಕಳಿಸುತ್ತಾರೆ. ಭೂಮಿ ಪೋರ್ಟಲಿನಲ್ಲಿ ಸರ್ವೆ ನಂಬರ್ ಹಾಕಿದರೆ ಯಾರ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ಜಮೀನು ಇದೆ ಅನ್ನುವುದಕ್ಕೆ ಅದು ದಾಖಲೆ, ಫೋನ್ ಹಿಡಿದವನೇ ಅದರ ಮಾಲೀಕ ಅನ್ನುವುದಕ್ಕೆ ಅಲ್ಲ. ಅದೇ ಹೋಬಳಿಯ ಇಬ್ಬರು ಹಳೇ ಸದಸ್ಯರು ‘ಇವರು ಗೊತ್ತು’ ಅಂದರೆ ಅದು ಪಹಣಿಗಿಂತ ಗಟ್ಟಿ.

ಆಲೂರು_ಬಿತ್ತನೆ:

ಹಾಸನ ಕಡೆ ಮೇ ತಿಂಗಳು ಬಂತು ಅಂದರೆ ಇದೇ ಕಥೆ ಬಿತ್ತನೆ ಆಲೂಗಡ್ಡೆಯಲ್ಲೂ ಇದೆ. ‘ಜಲಂಧರ್ ಮಾಲು, ಸರ್ಟಿಫೈಡ್’ ಅಂತ ಫೋಟೊ ಹಾಕುತ್ತಾರೆ. ಚೀಲದ ಟ್ಯಾಗಿನ ಬಣ್ಣ ಕೇಳಿ: ಪ್ರಮಾಣಿತ ಬೀಜಕ್ಕೆ ನೀಲಿ, ಮೂಲ ಬೀಜಕ್ಕೆ ಬಿಳಿ, ತಳಿವರ್ಧಕ ಬೀಜಕ್ಕೆ ಹೊಂಬಣ್ಣದ ಹಳದಿ. ಟ್ಯಾಗೇ ಇಲ್ಲದ ಚೀಲಕ್ಕೆ ‘ಸರ್ಟಿಫೈಡ್’ ಅಂದರೆ ಆ ಮಾತು ಸುಳ್ಳು. ಆದರೂ ಅವರಿಗೆ ನೇರ ‘ಮೋಸಗಾರ’ ಗುರುತು ಬೇಡ. ಟ್ಯಾಗಿನ ಹತ್ತಿರದ ಫೋಟೊ, ಲಾಟ್ ನಂಬರ್ ಓದುವ ಹಾಗೆ, ಒಂದು ದಿನದೊಳಗೆ ಹಾಕಿ ಅಂತ ಕೇಳಿ. ಹಾಕದಿದ್ದರೆ ಆ ಜಾಹೀರಾತು ತೆಗೆಯಿರಿ. ಎಷ್ಟೋ ಜನಕ್ಕೆ ಆ ಪದದ ಅರ್ಥವೇ ಗೊತ್ತಿರುವುದಿಲ್ಲ, ಚೆನ್ನಾಗಿದೆ ಅನ್ನುವುದಕ್ಕೆ ಹಾಗೆ ಹೇಳಿರುತ್ತಾರೆ.

ಬೇಲೂರು_ರಸ್ತೆ:

ಎರಡನೇ ಪ್ರಶ್ನೆಗೆ. ಕಪ್ಪುಪಟ್ಟಿ ಹಾಕಬೇಡಿ, ನಿಮ್ಮ ಅನುಮಾನ ಸರಿ ಇದೆ. ಗ್ರೂಪಲ್ಲಿ ಒಬ್ಬರ ಹೆಸರು, ನಂಬರ್ ಹಾಕಿ ‘ಕಳ್ಳ’ ಅಂತ ಬರೆದರೆ, ಆಮೇಲೆ ಅದು ತಪ್ಪು ಅಂತಾದರೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟದ್ದು. ಬರೆದವರು, ಅದನ್ನು ಬೇರೆ ಗ್ರೂಪಿಗೆ ಹಂಚಿದವರು ಇಬ್ಬರಿಗೂ ತೊಂದರೆ. ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಪಟ್ಟಿಯನ್ನು ಬರೆದವರೇ ಅಡ್ಮಿನ್ ಆದರೆ ಆ ರಕ್ಷಣೆ ಇರುವುದಿಲ್ಲ.

ಕಾನೂನು ಒತ್ತಟ್ಟಿಗಿರಲಿ. ಇವೆಲ್ಲ ಸಣ್ಣ ಊರುಗಳು. ತಪ್ಪಾಗಿ ಹಾಕಿದ ಗುರುತು ಗ್ರೂಪಿನಿಂದ ಅಳಿಸಬಹುದು, ಸಂತೆಯಲ್ಲಿ ಜನ ಆಡುವ ಮಾತನ್ನು ಅಳಿಸಲಾಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಗುರುತು ಬೀಳಬೇಕಾದದ್ದು ಸಂದೇಶದ ಮೇಲೆ, ಮನುಷ್ಯನ ಮೇಲಲ್ಲ. ‘ಈ ಜಾಹೀರಾತಿನ ಜಿಎಸ್‌ಟಿ ನಂಬರ್ ಪೋರ್ಟಲಿನಲ್ಲಿ ರದ್ದು ಅಂತ ತೋರಿಸುತ್ತಿದೆ, ವಿವರಣೆ ಬರುವ ತನಕ ತೆಗೆದಿದ್ದೇವೆ’ ಅಂತ ಬರೆದರೆ ಅದರಲ್ಲಿ ಇರುವುದು ನೋಡಿದ ಸಂಗತಿ ಮಾತ್ರ. ಓದಿದವರಿಗೆ ಅರ್ಥವಾಗುತ್ತದೆ, ಆ ವ್ಯಕ್ತಿಗೆ ಉತ್ತರ ಕೊಡಲು ಜಾಗವೂ ಇರುತ್ತದೆ.

ಸದಸ್ಯರು ದೂರು ಕೊಡಲು ಒಂದು ದಾರಿ ಮಾಡಿಕೊಡಿ: ಆ ಸಂದೇಶವನ್ನು ಒಬ್ಬ ಅಡ್ಮಿನ್‌ಗೆ ಖಾಸಗಿಯಾಗಿ ಕಳಿಸಿ, ಏನು ತಪ್ಪು ಅಂತ ಒಂದು ಸಾಲು ಬರೆಯಬೇಕು. ಗ್ರೂಪಲ್ಲೇ ‘ಇವರನ್ನು ನಂಬಬೇಡಿ’ ಅನ್ನುವುದು ನಿಲ್ಲಬೇಕು. ದೂರುಗಳು ಎಷ್ಟು ಬಂದವು ಅನ್ನುವುದಕ್ಕಿಂತ ಎಲ್ಲಿಂದ ಬಂದವು ನೋಡಿ. ಒಬ್ಬ ವ್ಯಾಪಾರಿಯ ಮೇಲೆ ಅರ್ಧ ಗಂಟೆಯಲ್ಲಿ ಆರು ದೂರು, ಆರೂ ಅವನ ಎದುರು ಅಂಗಡಿಯವರ ಕಡೆಯವು ಅಂದರೆ ಅದನ್ನು ಒಂದೇ ದೂರು ಅಂತ ಎಣಿಸಿ. ಬೇರೆ ಬೇರೆ ಹೋಬಳಿಯ ಮೂರು ಜನ, ಬೇರೆ ಬೇರೆ ದಿನ, ಒಂದೇ ತರಹದ ದೂರು ಕೊಟ್ಟರೆ ಅದಕ್ಕೆ ತೂಕ ಹೆಚ್ಚು.

ತಪ್ಪು ಸಲಹೆಗೂ ಮೋಸಕ್ಕೂ ಒಂದೇ ಗುರುತು ಹಾಕಬೇಡಿ, ದಯವಿಟ್ಟು. ಬೋರ್ಡೋಗೆ ಸುಣ್ಣದ ನೀರನ್ನು ಮೈಲುತುತ್ತದ ದ್ರಾವಣಕ್ಕೆ ಒಟ್ಟಿಗೇ ಸುರಿಯಿರಿ ಅಂದವರು, ಅರೇಬಿಕಾ ಎಲೆತುಕ್ಕಿಗೆ ಶೇ 0.5 ಅನ್ನಬೇಕಾದಲ್ಲಿ ಅಡಿಕೆಯ ಲೆಕ್ಕದಲ್ಲಿ ಶೇ 1 ಅಂದವರು, ಇವರೆಲ್ಲ ತಪ್ಪು ಹೇಳಿದ್ದಾರೆ, ಕೆಟ್ಟವರಲ್ಲ. ಅದೇ ಸಂದೇಶಕ್ಕೆ ರಿಪ್ಲೈ ಮಾಡಿ ಸರಿಯಾದ ಅಳತೆ ಬರೆಯಿರಿ: ಶೇ 1ಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಶೇ 0.5ಕ್ಕೆ ಎರಡೂ ಅರ್ಧರ್ಧ. ಅಳಿಸಿಬಿಟ್ಟರೆ ಮೊದಲೇ ಓದಿದವರಿಗೆ ತಿದ್ದುಪಡಿ ತಲುಪುವುದಿಲ್ಲ. ಆನೆ ಬಂದಿದೆ ಅನ್ನುವ ಹಳೇ ವಿಡಿಯೊ ಮಾತ್ರ ಬೇರೆ. ಜೋಡಿ ಬಾಣದ ‘ಅನೇಕ ಬಾರಿ ಫಾರ್ವರ್ಡ್’ ಗುರುತು ಇದ್ದು, ಊರು, ಹೊತ್ತು ಎರಡೂ ಬರೆಯದಿದ್ದರೆ ತಕ್ಷಣ ತೆಗೆಯಿರಿ. ಅಂಥ ಸುಳ್ಳು ಎಚ್ಚರಿಕೆ ನಾಲ್ಕು ಸಲ ಬಂದರೆ ಐದನೇ ಸಲ ನಿಜವಾದದ್ದನ್ನು ಯಾರೂ ನೋಡುವುದಿಲ್ಲ, ಕೆಲಸದವರು ತೋಟದೊಳಗೆ ಇರುತ್ತಾರೆ.

ಕ್ರಮ ಏನು ಅಂದರೆ, ಮೊದಲು ಖಾಸಗಿಯಾಗಿ ಎಚ್ಚರಿಕೆ. ಎರಡನೇ ಸಲ ಏಳು ದಿನ ಬರೆಯಲು ತಡೆ. ಮೂರನೇ ಸಲ ಹೊರಗೆ. ದುಡ್ಡು ಕೇಳಿದ, ಎಪಿಕೆ ಫೈಲ್ (ಫೋನಿಗೆ ನೇರ ಆಪ್ ಇಳಿಸುವ ಫೈಲ್) ಹಾಕಿದ ನಂಬರಿಗೆ ಈ ಮೆಟ್ಟಿಲು ಬೇಡ, ನೇರ ಹೊರಗೆ. ಟೆಲಿಗ್ರಾಂನಲ್ಲಿ ಒಬ್ಬರಿಗೆ ಮಾತ್ರ ನಿಗದಿತ ಅವಧಿಗೆ ತಡೆ ಹಾಕಬಹುದು. ವಾಟ್ಸ್ಯಾಪ್‌ನಲ್ಲಿ ಒಬ್ಬರ ಬಾಯಿ ಮಾತ್ರ ಕಟ್ಟುವ ಸೌಲಭ್ಯ ಇಲ್ಲ, ತೆಗೆದು ಏಳು ದಿನ ಬಿಟ್ಟು ನೀವೇ ಸೇರಿಸಬೇಕು. ಅಡ್ಮಿನ್ ತೆಗೆದ ನಂಬರ್ ಲಿಂಕ್ ಒತ್ತಿ ಮತ್ತೆ ಒಳಬರಲಾರದು, ಆದರೆ ಬೇರೆ ಸಿಮ್ಮಿನಿಂದ ಬರಬಹುದು. ಅದಕ್ಕೆ ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನುವ ಸೆಟ್ಟಿಂಗ್ ಆನ್ ಮಾಡಿ, ಹಳೇ ಲಿಂಕ್ ರಿಸೆಟ್ ಮಾಡಿ. ಅಂಗಡಿ ಗೋಡೆಗೆ ಅಂಟಿಸಿದ ಕ್ಯೂಆರ್ ಇದ್ದರೆ ಅದೂ ಸತ್ತುಹೋಗುತ್ತದೆ, ಹೊಸದು ಅಂಟಿಸಬೇಕು.

ಮೂಡಿಗೆರೆ_ಕಣ:

ತುಂಬಾ ಉಪಕಾರವಾಯಿತು. ಒಂದು ಸಂದೇಹ. ಹತ್ತು ವರ್ಷದಿಂದ ಗೊತ್ತಿರುವ ಸದಸ್ಯರ ನಂಬರಿನಿಂದಲೇ ‘ಪಿಎಂ ಕಿಸಾನ್’ ಅಂತ ಎಪಿಕೆ ಫೈಲ್ ಬಂದರೆ? ಮೂರು ಮೆಟ್ಟಿಲು ಬೇಡ ಅಂದಿರಿ, ಆದರೆ ಅವರು ಅಂಥವರಲ್ಲ.

ಸಕಲೇಶಪುರ_8:

ಅದು ಅವರು ಕಳಿಸಿದ್ದಲ್ಲ ಅಂತಲೇ ತಿಳಿದು ಮುಂದುವರಿಯಿರಿ. ಆ ಫೈಲ್ ಇನ್‌ಸ್ಟಾಲ್ ಮಾಡಿದರೆ ಅದು ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ, ಕೊಟ್ಟರೆ ಓಟಿಪಿ ಮೋಸಗಾರರ ಕೈ ಸೇರುತ್ತದೆ. ಅಲ್ಲಿಂದ ಅದೇ ಫೈಲು ಆ ಸದಸ್ಯರ ಎಲ್ಲಾ ಗ್ರೂಪಿಗೆ ಹೋಗುತ್ತದೆ. ಹಳೇ ಸದಸ್ಯರ ಹೆಸರಿನಲ್ಲಿ ಬಂದದ್ದಕ್ಕೇ ಜನ ತೆರೆದು ನೋಡುತ್ತಾರೆ, ಹೀಗೆ ಸರಪಳಿ ಬೆಳೆಯುತ್ತದೆ.

ಮೊದಲು ಸಾಕ್ಷಿ, ಆಮೇಲೆ ಅಳಿಸುವುದು. ಸ್ಕ್ರೀನ್‌ಶಾಟ್ ತೆಗೆಯುವಾಗ ಸೇವ್ ಮಾಡಿದ ಹೆಸರು ಮಾತ್ರ ಬರುತ್ತದೆ, ನಂಬರ್ ಬರುವುದಿಲ್ಲ. ಅದಕ್ಕೆ ಹೆಸರು ಒತ್ತಿ ನಂಬರ್ ಕಾಣುವ ಪುಟವನ್ನೂ ಒಂದು ತೆಗೆಯಿರಿ. ಪ್ರೊಫೈಲ್ ಫೋಟೊವನ್ನು ವಾಟ್ಸ್ಯಾಪ್ ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ, ಬೇರೆ ಫೋನಿನಿಂದ ಫೋಟೊ ಹೊಡೆಯಬೇಕು. ಚಾಟ್ ಎಕ್ಸ್‌ಪೋರ್ಟ್ ಮಾಡಿದರೆ ಮೀಡಿಯಾ ಇಲ್ಲದೆ 40,000, ಮೀಡಿಯಾ ಸಮೇತ 10,000 ಸಂದೇಶಗಳವರೆಗೆ ಬರುತ್ತದೆ. ಗ್ರೂಪಿನಲ್ಲಿ ಸುಧಾರಿತ ಚಾಟ್ ಗೌಪ್ಯತೆ ಆನ್ ಇದ್ದರೆ ಎಕ್ಸ್‌ಪೋರ್ಟ್ ಆಗುವುದೇ ಇಲ್ಲ, ನೆನಪಿಡಿ. ಟೆಲಿಗ್ರಾಂನಲ್ಲಿ ಯಾರು ಏನು ಅಳಿಸಿದರು ಅನ್ನುವ ಇತ್ತೀಚಿನ ಚಟುವಟಿಕೆ ಪಟ್ಟಿ 48 ಗಂಟೆ ಮಾತ್ರ ಉಳಿಯುತ್ತದೆ. ಶನಿವಾರ ಆದದ್ದನ್ನು ಮಂಗಳವಾರ ನೋಡೋಣ ಅಂದರೆ ಏನೂ ಸಿಗುವುದಿಲ್ಲ.

ನಂತರ ಸಂದೇಶ ಅಳಿಸಿ, ನಂಬರ್ ತೆಗೆದು, ಗ್ರೂಪಿಗೆ ಹೀಗೆ ಬರೆಯಿರಿ: ‘ಈ ಸದಸ್ಯರ ಖಾತೆ ಬೇರೆಯವರ ಕೈಗೆ ಹೋಗಿರುವಂತಿದೆ. ಫೈಲ್ ಯಾರೂ ತೆರೆಯಬೇಡಿ. ಸರಿಹೋದ ಮೇಲೆ ಅವರನ್ನು ಸೇರಿಸುತ್ತೇವೆ.’ ಇದರಿಂದ ಅವರ ಮಾನವೂ ಉಳಿಯಿತು. ಅವರಿಗೆ ಮಾಮೂಲಿ ಫೋನ್ ಕಾಲ್ ಮಾಡಿ, ವಾಟ್ಸ್ಯಾಪ್ ಕಾಲ್ ಬೇಡ, ಅದು ಕಳ್ಳನಿಗೆ ಹೋಗಬಹುದು.

ಅವರು ಮಾಡಬೇಕಾದದ್ದು: ನೆಟ್ ಆಫ್ ಮಾಡಿ ಆ ಆಪ್ ತೆಗೆಯುವುದು, ಹೋಗದಿದ್ದರೆ ಫೋನ್ ರಿಸೆಟ್. ಡಯಲ್ ಪ್ಯಾಡಿನಲ್ಲಿ ##002# ಒತ್ತಿ ಕಾಲ್ ಫಾರ್ವರ್ಡಿಂಗ್ ರದ್ದು ಮಾಡುವುದು, ಓಟಿಪಿ ಕಾಲ್ ಬೇರೆ ಕಡೆ ತಿರುಗಿರುವ ಸಾಧ್ಯತೆ ಇರುತ್ತದೆ. ಆಮೇಲೆ ವಾಟ್ಸ್ಯಾಪ್ ಮತ್ತೆ ನೋಂದಾಯಿಸಿ ಎಸ್ಸೆಮ್ಮೆಸ್‌ನ 6 ಅಂಕಿ ಹಾಕಿದ ಕೂಡಲೇ ಇನ್ನೊಬ್ಬ ಹೊರಬೀಳುತ್ತಾನೆ. ಅವನು ಎರಡು ಹಂತದ ಪಿನ್ ಇಟ್ಟಿದ್ದರೆ ಇವರು ಒಳಬರಲು 7 ದಿನ ಕಾಯಬೇಕು, ಆದರೆ ಆ ಏಳು ದಿನ ಅವನೂ ಒಳಗಿರುವುದಿಲ್ಲ. ಒಳಬಂದ ಮೇಲೆ ಲಿಂಕ್ ಆದ ಸಾಧನಗಳ ಪಟ್ಟಿ ನೋಡಿ ಗೊತ್ತಿಲ್ಲದ್ದನ್ನೆಲ್ಲ ತೆಗೆಯಬೇಕು, ಸ್ವಂತ ಪಿನ್ ಇಡಬೇಕು. ಇಷ್ಟಾಗಿದೆ ಅಂತ ಕೇಳಿ ತಿಳಿದ ಮೇಲೆಯೇ ಗ್ರೂಪಿಗೆ ಸೇರಿಸಿ.

ಯಾರದ್ದಾದರೂ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವುದರೊಳಗೆ ತಡೆಹಿಡಿಯಬೇಕು, ಆದ್ದರಿಂದ ಮೊದಲ ಒಂದೆರಡು ಗಂಟೆಯೇ ಮುಖ್ಯ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಕೈಯಲ್ಲಿ ಇಟ್ಟುಕೊಂಡೇ ಮಾಡಿ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು. ದುಡ್ಡು ಹೋಗಿಲ್ಲ, ಅನುಮಾನದ ಸಂದೇಶ ಮಾತ್ರ ಬಂದಿದೆ ಅಂದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನ ‘ಚಕ್ಷು’ವಿನಲ್ಲಿ ಹಾಕಬಹುದು, ಸಂದೇಶ ಬಂದು 30 ದಿನದೊಳಗೆ. ವಾಟ್ಸ್ಯಾಪ್‌ಗೆ ರಿಪೋರ್ಟ್ ಹೊಡೆದರೆ ಆ ನಂಬರಿನ ಕೊನೆಯ ಐದು ಸಂದೇಶ ಅವರಿಗೆ ಹೋಗುತ್ತದೆ, ಆ ವ್ಯಕ್ತಿಗೆ ತಿಳಿಯುವುದಿಲ್ಲ. ಹೆದರಿ ಸುಮ್ಮನಿರುವವರಿಗೆ ಇದನ್ನು ಹೇಳಿ.

ಕೊಪ್ಪ_ಮಳೆಮಾಪಕ:

ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ನನ್ನ ಮಟ್ಟಿಗೆ ಅದೇ ದೊಡ್ಡದು, ಒಳ್ಳೆಯ ಉತ್ತರ ಕೊಡುವವರು ಒಮ್ಮೆ ಬೇಸರ ಪಟ್ಟು ಸುಮ್ಮನಾದರೆ ಗ್ರೂಪಿನಲ್ಲಿ ಉಳಿಯುವುದು ದರದ ಫಾರ್ವರ್ಡ್ ಮಾತ್ರ.

ಟೆಲಿಗ್ರಾಂನಲ್ಲಿ ಅಡ್ಮಿನ್ ಆದವರ ಹೆಸರಿನ ಪಕ್ಕ ಬೇಕಾದ ಬಿರುದು ಬರೆಯಬಹುದು. ಅವರಿಗೆ ಸದಸ್ಯರನ್ನು ಆಹ್ವಾನಿಸುವ ಒಂದೇ ಹಕ್ಕು ಕೊಟ್ಟು, ಅಳಿಸುವ, ತೆಗೆಯುವ ಹಕ್ಕನ್ನೆಲ್ಲ ಆಫ್ ಇಡಿ. ಬಿರುದಿಗೆ 16 ಅಕ್ಷರದ ಮಿತಿ, ಇಮೋಜಿ ಹಿಡಿಯುವುದಿಲ್ಲ. ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತಿನ ಚಿಹ್ನೆ ಪ್ರತಿಯೊಂದೂ ಒಂದೊಂದು ಲೆಕ್ಕ. ‘ಕಾಳುಮೆಣಸು ಅನುಭವಿ’ ಸರಿಯಾಗಿ 16 ಆಗುತ್ತದೆ, ‘ಕಾಳುಮೆಣಸು ಸಲಹೆಗಾರ’ 17 ಆಗಿ ಹಿಡಿಯುವುದಿಲ್ಲ. ‘ಮಣ್ಣು ಪರೀಕ್ಷೆ’ 13, ಆರಾಮಾಗಿ ಕೂರುತ್ತದೆ. ವಾಟ್ಸ್ಯಾಪ್ ಕಡೆ ಗ್ರೂಪ್ ವಿವರಣೆಯಲ್ಲಿ ‘ಮೆಣಸಿನ ಸೊರಗು ರೋಗಕ್ಕೆ ಇವರನ್ನು ಕೇಳಿ’ ಅಂತ ವಿಷಯವಾರು ಬರೆದಿಡಿ, ಅವರ ಒಪ್ಪಿಗೆ ಕೇಳಿಯೇ. ಒಪ್ಪದಿದ್ದರೆ ಹಾಕಬೇಡಿ, ರಾತ್ರಿ ಹತ್ತಕ್ಕೂ ಫೋನ್ ಬರುತ್ತದೆ.

ಗುರುತನ್ನು ವಿಷಯಕ್ಕೆ ಕಟ್ಟಿ. ‘ಹಿರಿಯ ಸದಸ್ಯರು’ ಅಂತ ಬರೆದರೆ ಮೆಣಸು ಗೊತ್ತಿರುವವರ ಮಾತನ್ನು ಜನ ಷೇರು ಮಾರುಕಟ್ಟೆಗೂ ನಂಬುತ್ತಾರೆ. ಸಂದೇಶದ ಸಂಖ್ಯೆ ನೋಡಿ ಕೊಡಬೇಡಿ, ಶುಭೋದಯ ಹಾಕುವವರೇ ಮೊದಲ ಸ್ಥಾನಕ್ಕೆ ಬರುತ್ತಾರೆ. ನೋಡಬೇಕಾದದ್ದು ಉತ್ತರದಲ್ಲಿ ಅಳತೆ ಇದೆಯೇ, ಯಾವ ತಿಂಗಳು ಅಂತ ಹೇಳಿದ್ದಾರೆಯೇ, ತಪ್ಪಾದಾಗ ತಾವೇ ತಿದ್ದಿದ್ದಾರೆಯೇ. ಉದಾಹರಣೆಗೆ ಬಿಳಿ ಕಾಂಡಕೊರಕಕ್ಕೆ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅದರ ದುಂಬಿಯ ಹಾರಾಟದ ಕಾಲ ಅಂತ ಹೇಳಿ, ಅದಕ್ಕೆ ಮೊದಲೇ ಕೊರಕ ಬಿದ್ದ ಗಿಡ ಪತ್ತೆ ಮಾಡಿ ಕಿತ್ತು ಸುಡಿ ಅಂದವರಿಗೆ ಕೆಲಸ ಗೊತ್ತು. ‘ಔಷಧಿ ಹೊಡೀರಿ’ ಅಂತಷ್ಟೇ ಅಂದವರಿಗೆ ಇನ್ನೂ ಕಾಯಬಹುದು. ಔಷಧಿ, ಗೊಬ್ಬರದ ಅಂಗಡಿ ಇಟ್ಟವರು ಎಷ್ಟೇ ಚೆನ್ನಾಗಿ ಹೇಳಲಿ, ಬಿರುದಿನಲ್ಲಿ ‘ವ್ಯಾಪಾರಿ’ ಅಂತಲೂ ಇರಲಿ. ಅವರಿಗೆ ಅದರಿಂದ ಅವಮಾನ ಏನೂ ಇಲ್ಲ, ಓದುವವರಿಗೆ ಅನುಕೂಲ.

ಓಟಿ_26:

ಕೊಪ್ಪದವರ ಮಾತಿಗೆ ಸೇರಿಸುವುದು ಒಂದಿದೆ. ‘ಪರಿಶೀಲಿಸಲಾಗಿದೆ’ ಅಂತ ಬರಿದೇ ಬರೆಯಬೇಡಿ. ಏನು ನೋಡಿದಿರಿ, ಯಾವಾಗ ನೋಡಿದಿರಿ ಎರಡೂ ಇರಲಿ: ‘ಜಿಎಸ್‌ಟಿ ನೋಡಿದೆ, ಅಂಗಡಿಗೆ ಫೋನ್ ಮಾಡಿದೆ, ನವೆಂಬರ್’. ಇಲ್ಲದಿದ್ದರೆ ವ್ಯವಹಾರ ಕೆಟ್ಟಾಗ ‘ನೀವೇ ಗ್ಯಾರಂಟಿ ಕೊಟ್ಟಿರಿ’ ಅಂತ ನಿಮ್ಮ ಮೇಲೆ ಬರುತ್ತದೆ. ಆಧಾರ್ ಪ್ರತಿ ಯಾರಿಂದಲೂ ತರಿಸಿಕೊಳ್ಳಬೇಡಿ, ನಿಮ್ಮ ಫೋನ್ ಕಳೆದರೆ ಅವರಿಗೆ ತೊಂದರೆ.

ಮೂವರೂ ಅಡ್ಮಿನ್‌ಗಳಿಗೆ ಮಾತ್ರ ಕಾಣುವ ಒಂದು ಶೀಟ್ ಇಟ್ಟುಕೊಳ್ಳಿ: ದಿನಾಂಕ, ನಂಬರ್, ಸಂದೇಶ, ಯಾವ ನಿಯಮ, ಯಾರು ಪರೀಕ್ಷಿಸಿದರು, ಮತ್ತೆ ಯಾವಾಗ ನೋಡುವುದು. ದೂರು ಕೊಟ್ಟವರ ಹೆಸರು ಅದರಲ್ಲೂ ಬೇಡ. ಕೊಯ್ಲು ಮುಗಿದು ಏಪ್ರಿಲ್‌ನಲ್ಲಿ ಮೂವರೂ ಕೂತು ಆ ಶೀಟ್ ಓದಿ. ಎಚ್ಚರಿಕೆ ಬಿದ್ದು ಒಂದು ಕೊಯ್ಲು ಪೂರ್ತಿ ಮತ್ತೆ ದೂರು ಬರದವರ ಸಾಲನ್ನು ಅಳಿಸಿ, ಅಳಿಸಿದ್ದೇವೆ ಅಂತ ಅವರಿಗೂ ಒಂದು ಮಾತು ತಿಳಿಸಿ.